ದ್ವೀಪಕ್ಕೆ ಆಕ್ಷೇಪಣೆ ಇದ್ದವರು

ಆ ದಿನ ಕಚೇರಿಯಲ್ಲಿ ಚಹಾದ ಹೊತ್ತಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ನನಗೆ ಬಾರದ ವಿದ್ಯೆಯೇನಲ್ಲ. ಮನೆಯಲ್ಲಿ ಮುಖ್ಯವಾದ ಮಾತು ಬಂದಾಗಲೆಲ್ಲ ನಾನು ಅದನ್ನೇ ಮಾಡುವುದು. ಆದರೆ ನಕ್ಷೆ ವಿಭಾಗದವನು ಗಿರಿಧಾಮಕ್ಕೆ ಹೋಗಿಬಂದು, ನಲವತ್ತೊಂದು ಫೋಟೋಗಳನ್ನು ಒಂದೊಂದಾಗಿ ತೋರಿಸಿ, ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾ, "ನೀವೆಲ್ಲಿ ಹೋಗ್ತೀರಿ ಬಿಡಿ ಸಾರ್, ನಿಮಗೆ ಫೈಲೇ ಗಿರಿಧಾಮ" ಎಂದ. ಉಳಿದವರು ನಕ್ಕರು. ನನಗೆ ಉರಿಯಿತು.

"ಈ ಸಲ ನಾವು ಒಂದು ದ್ವೀಪಕ್ಕೆ ಹೋಗೋ ಯೋಚನೇಲಿದ್ದೀವಿ. ಅಲ್ಲಿ ಫ್ರೆಂಚ್ ಮಾತಾಡ್ತಾರೆ" ಎಂದುಬಿಟ್ಟೆ.

ಅದು ಪೂರ್ತಿ ಸುಳ್ಳಲ್ಲ. ಯೋಚನೆ ಇತ್ತು, ಆದರೆ ಅದು ನನ್ನ ಹೆಂಡತಿಯದು. ಅವಳು ಒಂದು ಕಿವಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಬಂದವರನ್ನು ಸದ್ದು ಹೊಗದ ಒಂದು ಪುಟ್ಟ ಕೋಣೆಯೊಳಗೆ ಕೂರಿಸಿ, ಕಿವಿಗೆ ಯಂತ್ರ ಹಾಕಿ, "ಸದ್ದು ಕೇಳಿಸಿದರೆ ಗುಂಡಿ ಒತ್ತಿ" ಎಂದು ಹೇಳಿ, ಗಾಜಿನ ಈಚೆಗೆ ಕೂತು ಬರೆದುಕೊಳ್ಳುವುದು ಅವಳ ಕೆಲಸ. ಕೇಳಿಸದೆಯೂ ಗುಂಡಿ ಒತ್ತುವವರು ಬಹಳ ಜನ ಇರುತ್ತಾರಂತೆ, ಅವರ ಮುಖ ನೋಡಿದರೇ ಗೊತ್ತಾಗುತ್ತದಂತೆ. ಹಾಗೆ ಹೇಳುವಾಗ ಅವಳು ನನ್ನ ಕಡೆ ಯಾಕೆ ನೋಡುತ್ತಾಳೋ ನನಗೆ ಈವರೆಗೂ ತಿಳಿದಿಲ್ಲ.

ಅಲ್ಲಿಗೆ ವಾರಕ್ಕೊಮ್ಮೆ ಬರುವ ಒಬ್ಬ ಮುದುಕ, ಹಿಂದೆ ಹಡಗಿನಲ್ಲಿ ಅಡುಗೆಯವನಾಗಿದ್ದವನು, ಈ ದ್ವೀಪದ ಹುಚ್ಚನ್ನು ಅವಳಿಗೆ ಹತ್ತಿಸಿದ್ದ. ನಡುವೆ ಒಂದು ಬೆಟ್ಟ, ಸುತ್ತ ಸಮುದ್ರ, ಎಲ್ಲರ ಬಾಯಲ್ಲೂ ಫ್ರೆಂಚ್. ಆಸ್ಪತ್ರೆಯ ಆ ಸದ್ದಿಲ್ಲದ ಕೋಣೆಯನ್ನು ಕಿತ್ತು ಹೊಸದು ಕಟ್ಟಲು ಮುಂದಿನ ತಿಂಗಳು ಒಂಬತ್ತು ದಿನ ಬಾಗಿಲು ಹಾಕುತ್ತಾರೆ ಎಂದು ಗೊತ್ತಾದ ದಿನ ಅವಳು ನನ್ನ ಮುಂದೆ ಬಂದು ಕೂತಳು.

"ರೀ, ಇಪ್ಪತ್ತೇಳು ವರ್ಷದಲ್ಲಿ ನಾನು ಎಲ್ಲಿಗೂ ಕರ್ಕೊಂಡು ಹೋಗಿ ಅಂದಿಲ್ಲ. ಖರ್ಚು ನನ್ನದು, ಆ ಮಾತು ಬೇಡ. ಹೋಗೋಕೆ ಯೋಗ್ಯವಾದ ಜಾಗ ಹೌದೋ ಅಲ್ವೋ, ನೀವೇ ವಿಚಾರಿಸಿ ಹೇಳಿ. ಇಪ್ಪತ್ತೊಂದನೇ ತಾರೀಕಿನೊಳಗೆ ಟಿಕೆಟ್ ಮಾಡಿಸ್ಬೇಕು. ಆಮೇಲೆ ಇಂಥ ರಜೆ ನನಗೆ ಸಿಗಲ್ಲ."

ಒಬ್ಬ ಸಾಮಾನ್ಯ ಗಂಡನಿಗೆ ಇದು ಹೌದು ಅಥವಾ ಇಲ್ಲ ಎಂದು ಮುಗಿಸುವ ವಿಷಯ. ನಾನು ಸಾಮಾನ್ಯನಲ್ಲ. ಕಟ್ಟಡ ಪರವಾನಗಿ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ಸವೆಸಿದವನು. ಮೊದಲು ಪರಿಶೀಲನೆ, ಆಮೇಲೆ ತೀರ್ಮಾನ. ಮೂವತ್ತೊಂದು ಪ್ರಶ್ನೆಗಳ ಒಂದು ನಮೂನೆ ತಯಾರಿಸಿ, ಹಡಗಿನ ಮುದುಕನಿಗೆ ಕೊಡು ಎಂದು ಅವಳ ಕೈಯಲ್ಲಿಟ್ಟೆ. ಬೆಟ್ಟದ ಇಳಿಜಾರು ಎಷ್ಟು, ಕಟ್ಟಡಗಳಿಗೂ ಸಮುದ್ರಕ್ಕೂ ನಡುವೆ ಎಷ್ಟು ಅಡಿ ಜಾಗ ಬಿಟ್ಟಿದ್ದಾರೆ, ಚರಂಡಿ ವ್ಯವಸ್ಥೆ ಹೇಗಿದೆ, ಇತ್ಯಾದಿ. ಒಂದು ವಾರದ ಮೇಲೆ ನಮೂನೆ ತುಂಬಿ ಬಂತು. ಮೂವತ್ತೊಂದು ಪ್ರಶ್ನೆಗೂ ಮುದುಕ ಒಂದೇ ಉತ್ತರ ಬರೆದಿದ್ದ: ಚೆನ್ನಾಗಿರುತ್ತೆ.

ಚರಂಡಿಯೂ ಚೆನ್ನಾಗಿರುತ್ತೆ ಎಂದು ಬರೆಯುವ ಸಾಕ್ಷಿಯನ್ನು ಯಾವ ಅಧಿಕಾರಿ ತಾನೇ ನಂಬುತ್ತಾನೆ? ನಾನು ಇಕ್ಕಟ್ಟಿಗೆ ಸಿಕ್ಕಿಕೊಂಡೆ. ಹೌದು ಎಂದರೆ ನಾಳೆ ಅಲ್ಲಿ ಏನಾದರೂ ಎಡವಟ್ಟಾದರೆ ನನ್ನ ತಲೆಗೆ ಬರುತ್ತದೆ. ಇಲ್ಲ ಎಂದರೆ ನಕ್ಷೆ ವಿಭಾಗದವನು ಬದುಕಲು ಬಿಡುವುದಿಲ್ಲ. ನಮ್ಮ ಕಚೇರಿಯಲ್ಲಿ ಇಂಥ ಸಂಕಟಕ್ಕೆ ಒಂದು ದಿವ್ಯ ಉಪಾಯ ಇದೆ. ಯಾರಾದರೂ ಮನೆ ಕಟ್ಟಲು ಅರ್ಜಿ ಹಾಕಿದರೆ, ಅವರ ಗೇಟಿಗೆ ಒಂದು ಪ್ರಕಟಣೆ ಅಂಟಿಸುತ್ತೇವೆ. ಹೀಗೊಂದು ಕಟ್ಟಡ ಬರಲಿದೆ, ಯಾರದಾದರೂ ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಲಿಖಿತವಾಗಿ ಕೊಡಿ ಎಂದು. ಕೊಟ್ಟರೆ ಕರೆಸಿ ವಿಚಾರಣೆ ನಡೆಸುತ್ತೇವೆ. ಕೊಡದಿದ್ದರೆ ಅನುಮತಿ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಮುಂದೆ ಕಟ್ಟಡ ಬಿದ್ದರೂ ಊರೆಲ್ಲ ಒಪ್ಪಿತ್ತಲ್ಲ ಎನ್ನಬಹುದು.

ಐದನೇ ತಾರೀಕು ಬೆಳಿಗ್ಗೆ, ಕಚೇರಿಯ ಅದೇ ಅಚ್ಚಾದ ನಮೂನೆಯಲ್ಲಿ, ಅದೇ ದಪ್ಪ ಅಕ್ಷರದ ತಲೆಬರಹದ ಕೆಳಗೆ, ನನ್ನ ಚೆಂದದ ಕೈಬರಹದಲ್ಲಿ ಬರೆದೆ: "ಮೊದಲ ಮಹಡಿಯಲ್ಲಿ ವಾಸವಾಗಿರುವ ಶ್ರೀಮತಿಯವರು, ಪತಿಯೊಂದಿಗೆ, ಫ್ರೆಂಚ್ ಭಾಷೆಯ ಉಷ್ಣವಲಯದ ದ್ವೀಪವೊಂದಕ್ಕೆ ಒಂಬತ್ತು ದಿನಗಳ ಪ್ರವಾಸ ಹೋಗಲು ಉದ್ದೇಶಿಸಿದ್ದು..." ನಮ್ಮ ಕಟ್ಟಡದ ಗೇಟಿಗೆ ನಾಲ್ಕೂ ಮೂಲೆಗೆ ಗೋಂದು ಹಚ್ಚಿ ಅಂಟಿಸಿದೆ.

ಹೆಂಡತಿ ಆಸ್ಪತ್ರೆಗೆ ಹೊರಟವಳು ಗೇಟಿನ ಮುಂದೆ ನಿಂತು ಅದನ್ನು ಎರಡು ಸಲ ಓದಿದಳು.

"ಇದನ್ನ ತೆಗೀತೀರಾ?" ಎಂದಳು.

"ಹದಿನೈದು ದಿನ ಅಷ್ಟೆ. ಯಾರೂ ಏನೂ ಕೊಡಲ್ಲ. ಆಮೇಲೆ ನೆಮ್ಮದಿಯಾಗಿ ಹೋಗಬಹುದು" ಎಂದೆ. ಅವಳು ಬಸ್ಸಿಗೆ ಹೋದಳು.

ಯಾರೂ ಏನೂ ಕೊಡುವುದಿಲ್ಲ ಎಂದು ನಾನು ಹೇಳಿದ್ದು ಬೆಳಿಗ್ಗೆ ಎಂಟೂವರೆಗೆ. ಒಂಬತ್ತಕ್ಕೆ ಮನೆ ಮಾಲೀಕರು ಓಡಿಬಂದರು. ಆ ನಮೂನೆ ಯಾವ ಗೇಟಿನ ಮೇಲೆ ಕಂಡರೂ ಅಲ್ಲಿ ಹಳೆಯದು ಬೀಳುತ್ತದೆ, ಹೊಸದು ಏಳುತ್ತದೆ ಎಂಬುದು ಊರಿಗೆಲ್ಲ ಗೊತ್ತು. ರಸ್ತೆಯ ಆಚೆಯ ಮಗ್ಗುಲಿನಿಂದ ತಲೆಬರಹವನ್ನೂ ನಡುವೆ ಒಂದೆರಡು ಪದಗಳನ್ನೂ ಓದಿದ ಯಾರೋ ಪುಣ್ಯಾತ್ಮರು ಅವರಿಗೆ ಫೋನ್ ಮಾಡಿದ್ದರು.

"ಏನ್ರೀ ಇದು? ನನ್ನ ಕಟ್ಟಡ ಬೀಳಿಸಿ ದ್ವೀಪ ಕಟ್ಟೋಕೆ ನಿಮ್ಮ ಕಚೇರಿಗೆ ಅಧಿಕಾರ ಕೊಟ್ಟವರು ಯಾರು?"

"ಕಟ್ಟೋದಲ್ಲ ಸಾರ್, ನಾವು ಅಲ್ಲಿಗೆ ಹೋಗೋದು."

"ಹೋಗೋದಾದ್ರೆ ಹೋಗಿ. ಯಾರು ಬೇಡ ಅಂದ್ರು? ನನ್ನ ಗೇಟಿಗ್ಯಾಕೆ ಅಂಟಿಸಿದ್ರಿ?"

ಎಷ್ಟು ವಿವರಿಸಿದರೂ ಅವರ ತಲೆಗೆ ಇಳಿಯಲಿಲ್ಲ. ಸ್ವಂತ ಪ್ರವಾಸಕ್ಕೆ ಬೇರೆಯವರ ಆಕ್ಷೇಪಣೆಯನ್ನು ಕರೆದು ಕೇಳುವ ಮನುಷ್ಯ ಇರಲಾರ, ಇದರ ಹಿಂದೆ ಕಚೇರಿಯ ಏನೋ ಮಸಲತ್ತು ಇದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಅಲ್ಲೇ ಗೇಟಿನ ಮೇಲೆ ಕಾಗದವಿಟ್ಟು ಮೊದಲ ಆಕ್ಷೇಪಣೆ ಬರೆದುಕೊಟ್ಟರು: ಈ ಜಾಗದಲ್ಲಿ ಯಾವುದೇ ಬಗೆಯ ದ್ವೀಪಕ್ಕೂ ತಮ್ಮ ಒಪ್ಪಿಗೆ ಇಲ್ಲ.

ಮನೆ ಮಾಲೀಕರು ಕೂಗಾಡಿದ್ದು ಮೇಲಿನ ಮಹಡಿಯ ಅಜ್ಜಿಗೆ ಕೇಳಿಸಿತು. ಕಟ್ಟಡ ಬೀಳುತ್ತಿದೆ ಎಂದು ಅವರು ಮಧ್ಯಾಹ್ನದೊಳಗೆ ಎರಡು ಪೆಟ್ಟಿಗೆ ಕಟ್ಟಿ ಮೆಟ್ಟಿಲ ಮೇಲೆ ತಂದಿಟ್ಟಿದ್ದರು. ಬೀಳುತ್ತಿಲ್ಲ, ನಾವು ಬರೀ ಒಂಬತ್ತು ದಿನ ಊರಲ್ಲಿರುವುದಿಲ್ಲ ಎಂದು ತಿಳಿದ ಮೇಲೆ ಅವರ ಚಿಂತೆ ಹೆಚ್ಚಾಯಿತು. ನೀರಿನ ಪಂಪಿನ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಪಂಪು ಹಾಕುವವನು ನಾನೇ.

"ನಾಲ್ಕೂ ಕಡೆ ನೀರಿರೋ ಜಾಗಕ್ಕೆ ಹೋಗಿ ಕೂತ್ಕೋತೀಯಪ್ಪಾ ನೀನು. ಇಲ್ಲಿ ನಾನು ಖಾಲಿ ಬಕೆಟ್ ಮುಂದೆ ಕೂತಿರ್ಬೇಕಾ?"

"ಬೀಗದ ಕೈನ ಕೆಳಗಿನ ಮೇಷ್ಟ್ರಿಗೆ ಕೊಟ್ಟು ಹೋಗ್ತೀನಿ ಅಜ್ಜಿ."

"ಅವನ ಕೈಗಾ? ಅವನು ಹಾಕಿದ ನೀರಲ್ಲಿ ನಾನು ಮುಖ ತೊಳೆಯಲ್ಲ" ಎಂದು ಎರಡನೇ ಆಕ್ಷೇಪಣೆಗೆ ಹೆಬ್ಬೆಟ್ಟು ಒತ್ತಿದರು. ಓದು ಬರಹ ಬಲ್ಲವರೇ. ಸಹಿಗಿಂತ ಹೆಬ್ಬೆಟ್ಟಿಗೆ ತೂಕ ಹೆಚ್ಚು ಎಂಬುದು ಅವರ ನಂಬಿಕೆ.

ಕೆಳಗಿನ ಮೇಷ್ಟ್ರು ಎಂದರೆ ನಿವೃತ್ತ ಹೆಡ್‌ಮೇಷ್ಟ್ರು. ಅವರ ಆಕ್ಷೇಪಣೆ ಮೂರು ಹಾಳೆ ಇತ್ತು. ಫ್ರೆಂಚ್ ಬಾರದ ದಂಪತಿ ಫ್ರೆಂಚ್ ನಾಡಿಗೆ ಹೋದರೆ ಇಡೀ ಕಟ್ಟಡದ ಮರ್ಯಾದೆ ಹೋಗುತ್ತದೆ ಎಂಬುದು ಅದರ ಸಾರಾಂಶ. ತಾವು ಯೌವನದಲ್ಲಿ ಆರು ತಿಂಗಳು ಫ್ರೆಂಚ್ ಕಲಿತದ್ದಾಗಿಯೂ, ನಾವಿಬ್ಬರೂ ದಿನಾ ಸಂಜೆ ಬಂದು ಕಲಿತರೆ ಆಕ್ಷೇಪಣೆಯನ್ನು ಮರುಪರಿಶೀಲಿಸುವುದಾಗಿಯೂ ಬರೆದಿದ್ದರು. ಹೋದೆವು. ಆರು ತಿಂಗಳಲ್ಲಿ ಅವರಿಗೆ ನೆನಪಿನಲ್ಲಿ ಉಳಿದಿದ್ದು ರೈಲು ಪ್ರಯಾಣದ ಪಾಠ ಒಂದೇ, ಅದರಲ್ಲೂ ಒಂದೇ ವಾಕ್ಯ. ಅದರ ಅರ್ಥ, ಈ ಕಿಟಕಿ ತೆರೆಯುವುದಿಲ್ಲ.

"ಆ ದ್ವೀಪದಲ್ಲಿ ರೈಲಿದೆಯಾ ಮೇಷ್ಟ್ರೇ?" ಎಂದು ನಾನು ಕೇಳಿದೆ.

"ಕಿಟಕಿ ಇರುತ್ತಲ್ಲಪ್ಪಾ" ಎಂದರು ಅವರು.

ನಾನು ಎರಡನೇ ದಿನಕ್ಕೇ ಬಿಟ್ಟೆ. ನನ್ನ ಹೆಂಡತಿ ಬಿಡಲಿಲ್ಲ. ಪಾತ್ರೆ ತೊಳೆಯುತ್ತಾ ಆ ಒಂದು ವಾಕ್ಯವನ್ನು ಬೇರೆ ಬೇರೆ ರಾಗದಲ್ಲಿ ಹೇಳಿಕೊಳ್ಳುತ್ತಿದ್ದಳು. ಒಮ್ಮೆ ದೂರಿನಂತೆ, ಒಮ್ಮೆ ಸುಮ್ಮನೆ ಸುದ್ದಿ ಹೇಳಿದಂತೆ. ಉಚ್ಚಾರಣೆ ಸರಿಯಿಲ್ಲ ಎಂದು ನಾನು ಒಳಗಿನ ಕೋಣೆಯಿಂದಲೇ ತಿದ್ದುತ್ತಿದ್ದೆ.

ನಾಲ್ಕನೆಯದು ನನ್ನ ಅಕ್ಕನದು. ಅವಳು ಆಕ್ಷೇಪಣೆಯನ್ನು ಅಂಚೆಯಲ್ಲಿ ಕಳಿಸಿ, ಅದು ಬಂದು ತಲುಪುವುದರೊಳಗೆ ತಾನೇ ಬಂದಳು.

"ಗೇಟಿಗೆ ಅಂಟಿಸೋಕೆ ಮುಂಚೆ ಒಡಹುಟ್ಟಿದವಳಿಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ? ಹೊಲಿಗೆ ಅಂಗಡಿಯವನ ಬಾಯಿಂದ ನಾನು ಕೇಳ್ಬೇಕಾ? ಅಲ್ಲಿ ಬೆಟ್ಟ ಇದೆಯಂತೆ. ಬೆಟ್ಟದೊಳಗೆ ಬೆಂಕಿ ಇದೆಯಂತೆ."

"ಆರಿ ಎಷ್ಟೋ ಕಾಲ ಆಯ್ತಂತೆ ಅಕ್ಕಾ."

"ನೀನು ಹೋಗು, ಹೊತ್ಕೊಳ್ಳುತ್ತೆ. ನಿನ್ನ ಕಾಲ್ಗುಣ ನನಗೆ ಗೊತ್ತಿಲ್ವಾ? ಅಲ್ಲ ಕಣೋ, ಇವಳಿಗೆ ಅಲ್ಲಿ ಏನಾದ್ರೂ ಆದ್ರೆ ಯಾವ ಭಾಷೇಲಿ ಅಳ್ತೀಯ? ಅಲ್ಲಿಯ ಜನಕ್ಕೆ ಅರ್ಥ ಆಗೋ ಹಾಗೆ ಅಳೋಕೆ ಬರುತ್ತಾ ನಿನಗೆ?"

ನನಗೆ ಬರುವುದಿಲ್ಲ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಕಡತದಲ್ಲಿ ಒಂದು ಟಿಪ್ಪಣಿ ಹಾಕಿಕೊಂಡೆ. ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಚುತ್ತಾ ಕೂತಿದ್ದಳು. ತನ್ನ ಸಾವಿನ ವಿಚಾರವನ್ನು ನಾವಿಬ್ಬರೂ ಹೀಗೆ ಕಡತಕ್ಕೆ ಸೇರಿಸುತ್ತಿದ್ದರೆ, ಒಂದು ಅಂಗಿಯ ತೋಳನ್ನು ಬಿಚ್ಚಿ ಮತ್ತೆ ಮಡಚಿದಳು.

ನಾಲ್ಕು ಆಕ್ಷೇಪಣೆ ಸೇರಿದ ಮೇಲೆ ನನ್ನ ಧೈರ್ಯ ಕುಸಿಯಿತು. ಪ್ರಕಟಣೆಯನ್ನು ಕಿತ್ತು, ಸುಮ್ಮನೆ ಟಿಕೆಟ್ ಮಾಡಿಸಿಬಿಡೋಣ ಎಂದುಕೊಂಡೆ. ಆದರೆ ಅಷ್ಟರಲ್ಲಿ ಮನೆ ಮಾಲೀಕರು ನಮ್ಮ ಕಚೇರಿಗೇ ದೂರು ಕೊಟ್ಟಿದ್ದರು. ಸಾಹೇಬರು ಕರೆಸಿದರು. ಬೈಯುತ್ತಾರೆ ಎಂದುಕೊಂಡು ಹೋದೆ, ಬೈಯಲಿಲ್ಲ. ಅವರ ಮುಖದಲ್ಲಿ, ನಿವೃತ್ತಿಗೆ ಮೊದಲು ಕೊನೆಗೊಂದು ಹೊಸ ಬಗೆಯ ಕಡತ ಸಿಕ್ಕಿತಲ್ಲ ಎಂಬ ಗೆಲುವಿತ್ತು.

"ನಮೂನೆ ನಮ್ಮದು. ಅಂಟಿಸಿದವರು ನಮ್ಮವರು. ಅಂಟಿಸಿದ ಮೇಲೆ ಕೀಳೋಕೆ ನಿಯಮದಲ್ಲಿ ಅವಕಾಶ ಇಲ್ಲ ಅಂತ ನಿಮಗೆ ನಾನು ಹೇಳ್ಬೇಕೇನ್ರೀ? ಹದಿನೈದು ದಿನ ಮುಗೀಲಿ. ವಿಚಾರಣೆ ನಡೆಸಿ. ಬಂದ ಪ್ರತಿಯೊಂದು ಆಕ್ಷೇಪಣೆಯನ್ನೂ ಎಲ್ಲರ ಮುಂದೆ ಓದಿ, ಪ್ರತಿಯೊಂದಕ್ಕೂ ಆದೇಶ ಬರೀರಿ. ಇಲ್ಲಾಂದ್ರೆ ನಮೂನೆ ದುರುಪಯೋಗ ಅಂತ ನಾನು ಬರೀಬೇಕಾಗುತ್ತೆ."

ಹೀಗಾಗಿ ಇಪ್ಪತ್ತನೇ ತಾರೀಕು ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ನಡುಮನೆಯಲ್ಲಿ ವಿಚಾರಣೆ ಶುರುವಾಯಿತು. ಮರುದಿನ ಟಿಕೆಟ್ಟಿನ ಗಡುವು. ನಾನು ಊಟದ ಮೇಜಿನ ಹಿಂದೆ ಕೂತೆ. ಮುಂದೆ ಸೋಫಾದ ಮೇಲೆ ಮಾಲೀಕರು, ಅಕ್ಕ. ಕುರ್ಚಿಯ ಮೇಲೆ ಮೇಷ್ಟ್ರು. ಅವರ ಮುಖ ಕಾಣದಂತೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅಜ್ಜಿ. ಹೆಂಡತಿ ಎಲ್ಲರಿಗೂ ಚಹಾ ಕೊಟ್ಟು ಅಡುಗೆಮನೆಗೆ ಹೋದಳು.

ಅಂದು ನಾನು ನಡೆಸಿದಂಥ ವಿಚಾರಣೆ ನಮ್ಮ ಕಚೇರಿಯಲ್ಲಿ ಇಂದಿಗೂ ಯಾರೂ ನಡೆಸಿಲ್ಲ. ಮಾಲೀಕರಿಗೆ, ಅವರ ನಿವೇಶನದ ಎಲ್ಲೆಯೊಳಗೆ ಯಾವ ದ್ವೀಪವೂ ಬರುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ಮಡಚಿಟ್ಟುಕೊಂಡರು. ಪಂಪಿನ ಬೀಗದ ಕೈಯನ್ನು ಅಕ್ಕನಿಗೆ ಕೊಡುವುದು, ಅವಳು ಒಂಬತ್ತು ದಿನ ನಮ್ಮ ಮನೆಯಲ್ಲೇ ಇರುವುದು ಎಂದಾಯಿತು. ಅಜ್ಜಿ ಗೋಡೆಗೆ ಹೇಳಿದಂತೆ "ಆಗಬಹುದು" ಎಂದರು. ಬೀಗದ ಕೈ ಸಿಕ್ಕಿದ ಗತ್ತಿಗೆ ಅಕ್ಕನಿಗೆ ಬೆಟ್ಟದ ಬೆಂಕಿ ಮರೆತೇಹೋಯಿತು. ಮೇಷ್ಟ್ರು ನನ್ನ ಹೆಂಡತಿಯನ್ನು ಕರೆದು ಆ ಒಂದು ವಾಕ್ಯ ಹೇಳಿಸಿ, ಕಣ್ಣು ಮುಚ್ಚಿ ಕೇಳಿ, "ನಮ್ಮ ಕಾಲದಲ್ಲಿ ನನಗೇ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ" ಎಂದು ಮೂರೂ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡರು.

ನನ್ನ ಎದೆ ಉಬ್ಬಿತು. ಇನ್ನು ದ್ವೀಪವೇನು, ಯಾವ ಖಂಡಕ್ಕೆ ಬೇಕಾದರೂ ಹೋಗಬಹುದಾಗಿತ್ತು. ನಿಯಮದ ಪ್ರಕಾರ ಕೊನೆಯಲ್ಲಿ ಎದ್ದು ನಿಂತು, ಕಚೇರಿಯ ದನಿಯಲ್ಲಿ ಕೇಳಿದೆ: "ಬೇರೆ ಯಾರದಾದರೂ ಆಕ್ಷೇಪಣೆ ಇದೆಯೇ?"

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು, ಡಬ್ಬಗಳ ಹಿಂದಿನಿಂದ ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟಳು.

ಇದೊಂದು ತಮಾಷೆ ಎಂದೇ ನಾನು ತಿಳಿದೆ. ಅಕ್ಕನೂ ನಕ್ಕಳು. ಪ್ರತಿಯೊಂದನ್ನೂ ಎಲ್ಲರ ಮುಂದೆ ಓದಬೇಕು ಎಂದು ಸಾಹೇಬರ ಆಜ್ಞೆ ಇತ್ತಲ್ಲ, ಲಕೋಟೆ ಒಡೆದು ಅದೇ ಕಂಚಿನ ಕಂಠದಲ್ಲಿ ಶುರುಮಾಡಿಬಿಟ್ಟೆ.

"ದ್ವೀಪದ ಬಗ್ಗೆ, ಬೆಟ್ಟದ ಬಗ್ಗೆ, ಅಲ್ಲಿಯ ಭಾಷೆಯ ಬಗ್ಗೆ ನನ್ನ ಆಕ್ಷೇಪಣೆ ಏನೂ ಇರುವುದಿಲ್ಲ. ಪ್ರಕಟಣೆಯಲ್ಲಿ 'ಪತಿಯೊಂದಿಗೆ' ಎಂದು ಬರೆದಿರುವುದಕ್ಕೆ ಇರುತ್ತದೆ. ಕಾರಣ: ಅದರಲ್ಲಿ ಏನು ಸರಿಯಿಲ್ಲ ಎಂದು ಪಕ್ಕದಲ್ಲಿ ನಿಂತು ಯಾರೂ ಹೇಳದೆ ಇರುವಾಗ, ನಾನು ಒಂದು ಸಲ ಸಮುದ್ರವನ್ನು ನೋಡಬೇಕು."

ಕೊನೆಯ ಪದಕ್ಕೆ ಬರುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಮೇಷ್ಟ್ರು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು. ಮಾಲೀಕರು ಖಾಲಿ ಲೋಟವನ್ನು ಎತ್ತಿ ಕುಡಿದರು. ಅಕ್ಕ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು, ಬಿಚ್ಚಿದಳು.

ವಿಚಾರಣೆಯಲ್ಲಿ ಇದಕ್ಕೂ ಒಂದು ಕ್ರಮ ಇದೆ, ನಾನು ಅದನ್ನೇ ಹಿಡಿದು ನಿಂತೆ. "ಆಕ್ಷೇಪಣೆ ಹಿಂದಕ್ಕೆ ತಗೋತೀಯಾ?"

"ಇಲ್ಲ ರೀ" ಎಂದಳು. ಕೋಪ ಇರಲಿಲ್ಲ. ಗಾಜಿನ ಈಚೆಗೆ ಕೂತು ಬರೆದುಕೊಳ್ಳುವವರ ಮುಖದ ಹಾಗಿತ್ತು.

"ಹೇಳಿದ್ದಕ್ಕೆ ಸಾಕ್ಷಿ ಬೇಕಾಗುತ್ತೆ" ಎಂದೆ.

"ನಾನಿದ್ದೀನಪ್ಪಾ" ಎಂದರು ಅಜ್ಜಿ, ಗೋಡೆಯ ಕಡೆಯಿಂದ. "ಸೂರು ತೆಳು. ಹನ್ನೊಂದು ವರ್ಷದಿಂದ ಕೇಳಿಸ್ಕೋತಿದ್ದೀನಿ. ಊಟದಲ್ಲಿ ಏನು ಸರಿಯಿಲ್ಲ, ಪರದೆಯಲ್ಲಿ ಏನು ಸರಿಯಿಲ್ಲ, ಅವಳು ನಕ್ಕಿದ್ರಲ್ಲಿ ಏನು ಸರಿಯಿಲ್ಲ. ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಹೇಳು."

"ನನಗೂ ಕೆಳಗೆ ಅಲ್ಪಸ್ವಲ್ಪ ಕೇಳಿಸುತ್ತೆ" ಎಂದರು ಮೇಷ್ಟ್ರು, ಫ್ಯಾನಿನಿಂದ ಕಣ್ಣು ತೆಗೆಯದೆ. ಆ ಇಬ್ಬರೂ ಒಂದೇ ಕಡೆ ನಿಂತಿದ್ದು ಆ ಕಟ್ಟಡದ ಚರಿತ್ರೆಯಲ್ಲಿ ಅದೇ ಮೊದಲು.

ನಾನು ಕೂತೆ. ಪೆನ್ನು ತೆಗೆದೆ. ಇಪ್ಪತ್ತೇಳು ವರ್ಷ ಒಂದೇ ಸೂರಿನ ಕೆಳಗೆ ಇದ್ದವಳು ನನಗೊಂದು ಮಾತು ಹೇಳಲು ಲಕೋಟೆ ಹುಡುಕಬೇಕಾಯಿತು ಎಂದು ಬಹಳ ಕೆಟ್ಟದಾಗಿ ಅನ್ನಿಸಿತು. ಆದೇಶ ಬರೆಯದೆ ಬೇರೆ ದಾರಿಯಿರಲಿಲ್ಲ: "ಆಕ್ಷೇಪಣೆಯನ್ನು ಅಂಗೀಕರಿಸಲಾಗಿದೆ. ಪ್ರವಾಸಕ್ಕೆ ಅನುಮತಿ ನೀಡಲಾಗಿದೆ. 'ಪತಿಯೊಂದಿಗೆ' ಎಂಬುದನ್ನು ಹೊಡೆದುಹಾಕತಕ್ಕದ್ದು." ಹೊಡೆದುಹಾಕಿದ ಜಾಗದಲ್ಲಿ ಸಣ್ಣದಾಗಿ ಸಹಿ ಮಾಡಬೇಕು. ಮಾಡಿದೆ.

ಅವಳು ಮರುದಿನ ಒಂದು ಟಿಕೆಟ್ ಮಾಡಿಸಿದಳು. ಹೊರಡುವ ದಿನ ಇಡೀ ಕಟ್ಟಡ ಗೇಟಿನ ಹತ್ತಿರ ಬಂತು, ಮಾಲೀಕರು ತಾವೇ ಪೆಟ್ಟಿಗೆ ಎತ್ತಿ ಟ್ಯಾಕ್ಸಿಯಲ್ಲಿಟ್ಟರು. ನಾನು ಪಾಸ್‌ಪೋರ್ಟ್ ಇದೆಯಾ ಎಂದು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಇದೆ ಎಂದಳು. ನಾನು ಊರಲ್ಲೇ ಉಳಿದರೂ ಅಕ್ಕ ಪಂಪಿನ ಬೀಗದ ಕೈ ಬಿಟ್ಟುಕೊಡಲಿಲ್ಲ, ನಮ್ಮ ಮನೆಗೆ ಬಂದು ಕೂತಳು. ಕಚೇರಿಯಲ್ಲಿ ನಕ್ಷೆ ವಿಭಾಗದವನು, "ಏನ್ಸಾರ್, ದ್ವೀಪಕ್ಕೆ ಹೋಗಿಲ್ವಾ?" ಎಂದಾಗ "ನಮ್ಮ ಮನೆಯವರು ಹೋಗಿದ್ದಾರೆ" ಎಂದೆ. ಅವನು ತಾನೇ ಹೋಗಿ ನನಗೊಂದು ಚಹಾ ತಂದುಕೊಟ್ಟ. ಅದು ನನಗೆ ಇನ್ನೂ ಕಷ್ಟವಾಯಿತು.

ನಾಲ್ಕನೇ ದಿನ, ಭಾನುವಾರ ಮಧ್ಯಾಹ್ನ, ಫೋನ್ ಬಂತು.

"ಊಟ ಆಯ್ತಾ?" ಎಂದಳು.

"ಆಯ್ತು. ಅಲ್ಲಿ ಏನಾದರೂ ತೊಂದರೆ?"

"ಏನೂ ಇಲ್ಲ."

"ರೂಮು? ನೀರು?"

"ಎಲ್ಲ ಇದೆ ರೀ."

ನನ್ನ ಪ್ರಶ್ನೆಗಳು ಮುಗಿದುಹೋದವು.  ಫೋನು ಹಿಡಿದು ನಿಂತೆ.

"ಇದ್ದೀರಾ?"

"ಇದ್ದೀನಿ. ಅಲ್ಲಿ ಸದ್ದು ಕೇಳಿಸ್ತಿದೆ."

"ಸಮುದ್ರ. ದಂಡೆ ಮೇಲೇ ಕೂತಿದ್ದೀನಿ. ಹೇಗಿದೆ?"

ಗೊರಗೊರ ಎನ್ನುತ್ತಿದೆ, ಗಾಳಿ ಜಾಸ್ತಿ, ಫೋನನ್ನು ಸರಿಯಾಗಿ ಹಿಡಿ. ಮೂರೂ ಮಾತು ನಾಲಗೆಯ ತುದಿಗೆ ಬಂದು ನಿಂತವು. ಒಂದೊಂದನ್ನೇ ನುಂಗಿದೆ.

"ಚೆನ್ನಾಗಿದೆ" ಎಂದೆ.

ಆ ಕಡೆ ಒಂದು ಅಲೆ ಬಂದು ಹೋಯಿತು. ಕೇಳಿಸಿದ್ದಕ್ಕೆ ಹೇಳಿದೆನೋ, ಕೇಳಿಸದೆಯೇ ಹೇಳಿದೆನೋ ಎಂದು ಅವಳು ತೂಗಿ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಆಮೇಲೆ, "ಇನ್ನೂ ಸ್ವಲ್ಪ ಹೊತ್ತು ಹೀಗೇ ಹಿಡ್ಕೊಂಡಿರ್ಲಾ?" ಎಂದಳು.

"ಹಿಡ್ಕೊಂಡಿರು."

ನನಗೆ ಅಳು ಬಂತು. ಯಾವ ಭಾಷೆಯದೂ ಅಲ್ಲದ ಅಳು, ಸದ್ದು ಮಾಡದೆ ಅತ್ತೆ. ಅಕ್ಕ ಒಳಗಿನಿಂದ ಬಂದು ನನ್ನನ್ನೂ ಫೋನನ್ನೂ ನೋಡಿದಳು.

"ಯಾರೋ ಅದು? ಇಷ್ಟು ಹೊತ್ತಾಯ್ತು, ಯಾರೂ ಮಾತಾಡ್ತಿಲ್ಲ."

"ಅವಳೇ."

"ಹೇಗಿದೆಯಂತೆ? ಹೋಗೋಕೆ ಯೋಗ್ಯವಾದ ಜಾಗವಂತಾ?"

"ಹೌದು" ಎಂದೆ.

"ಹಾಗಾದ್ರೆ ನೀನೂ ಹೋಗಬಹುದಿತ್ತಲ್ಲೋ."

ನಾನು ಬೆರಳೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿ, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.